ಬಾರದ ಟ್ರಾಮಿನ ಮೇಲೆ ಮೂವತ್ತೆಂಟು ದೂರು

ಹೇಗೆ ಶುರು ಮಾಡುವುದು? 1959ರಲ್ಲಿ ಇಂಗ್ಲೆಂಡಿನ ನಮ್ಮ ಲೀಡ್ಸಿನ ಕೊನೆಯ ಟ್ರಾಮು ಡಿಪೋ ಸೇರಿದ ದಿನದಿಂದ ಶುರು ಮಾಡಿದ್ದೆ. ಎಂಟು ವರ್ಷದ ಎನಿಡ್ ಥ್ಯಾಕ್ರೆ ಅಪ್ಪನ ಹೆಗಲೇರಿ ಕೈಬೀಸುತ್ತಾಳೆ, ಕಣ್ಣಲ್ಲಿ ನೀರು. ಎರಡು ಪುಟ ಬರೆದು, ಪಕ್ಕದ ಮನೆಯ, ಈಗ ಎಪ್ಪತ್ತನಾಲ್ಕಾಗಿರುವ ಎನಿಡ್‌ಗೇ ಓದಿ ಹೇಳಿದೆ.

"ಏನ್ ಮರಿ ಈ ಕಸ? ಟ್ರಾಮ್ ಹತ್ತಿದ್ರೆ ನಂಗೆ ವಾಂತಿ ಬರ್ತಿತ್ತು. ಅದು ಹೋದಾಗ ಕುಣಿದಾಡಿದ್ದೆ."

ಹರಿದು ಹಾಕಿದೆ. (ಕಣ್ಣೀರಿನ ವಾಕ್ಯ ಚೆನ್ನಾಗಿತ್ತು. ಇರಲಿ.)

2

ಹಾಗಾದರೆ ನೇರ ವಿಷಯಕ್ಕೆ. ಟ್ರಾಮು ಮತ್ತೆ ಬರುತ್ತದಂತೆ. ಅದು ನಮ್ಮ ಬೆಕ್‌ಫೋಲ್ಡ್ ಬಡಾವಣೆಯ ಮೇಲೆ ಹಾದುಹೋಗಬೇಕೋ, ನಮ್ಮನ್ನು ಬಿಟ್ಟು ಹೆದ್ದಾರಿ ಪಕ್ಕ ಓಡಬೇಕೋ ಇನ್ನೂ ತೀರ್ಮಾನವಾಗಿಲ್ಲ. ಶನಿವಾರ ಸಂಜೆ ಐದರೊಳಗೆ ಇನ್ನೂರು ಬೆಂಬಲದ ಫಾರಂ ಬಂದರೆ ನಕ್ಷೆಯಲ್ಲಿ ನಮಗೊಂದು ನಿಲ್ದಾಣ. ಬಾರದಿದ್ದರೆ ಇಲ್ಲ. ಎನಿಡ್ ಕಣ್ಣು ಮಂಜಾಗಿ ಕಾರು ಬಿಟ್ಟಿದ್ದಾರೆ. ಇದ್ದೊಂದು ಬಸ್ಸೂ ನಿಂತುಹೋಗಿದೆ. ಅವರಿಗೆ ನಿಲ್ದಾಣ ಬೇಕು. ಕಥೆ ಇಷ್ಟೇ. ರೂಪಕ ಹುಡುಕಬೇಡಿ.

"ಟ್ರಾಮ್ ಬರೋಷ್ಟ್ರಲ್ಲಿ ನಿಮಗೆ ಎಂಬತ್ತೇಳಾಗಿರುತ್ತೆ, ಮಿಸೆಸ್ ಥ್ಯಾಕ್ರೆ," ಎಂದ ಕ್ಯಾಲಮ್ ಬೂತ್ರಾಯ್ಡ್. ಯೋಜನೆಯ ಕಚೇರಿಯಿಂದ ಫಾರಂ ಹಂಚಲು ಬಂದವನು. ಟೈ ಕಟ್ಟಿರಲಿಲ್ಲ, ಆದರೆ ಕಟ್ಟಿದವನ ಹಾಗೆ ನಿಲ್ಲುತ್ತಿದ್ದ.

"ಮತ್ತೆ ಎಂಬತ್ತೇಳಕ್ಕೆ ಈ ದಿಬ್ಬ ನಡ್ಕೊಂಡು ಹತ್ಲಾ? ಆಗ್ಲೇ ಕಣೋ ಟ್ರಾಮ್ ಬೇಕಾಗೋದು!"

ನಾನು ಮೂಗು ತೂರಿಸಿದೆ. "ಬಸ್ಸನ್ನೇ ವಾಪಸ್ ಕೇಳ್ಬಹುದಲ್ಲ?"

"ಬಸ್ಸನ್ನ ಕಂಬಕ್ಕೊಂದು ಚೀಟಿ ಅಂಟ್ಸಿ ತೆಗೆದ್ರು," ಎಂದರು ಎನಿಡ್. "ಹಳಿ ತೆಗೀಬೇಕಂದ್ರೆ ರಸ್ತೆ ಅಗೀಬೇಕು. ಇವ್ರು ಸೋಮಾರಿಗಳು, ಅಗಿಯಲ್ಲ."

3

ಶನಿವಾರ, ಮಧ್ಯಾಹ್ನ ಮೂರು ಗಂಟೆ. ಬಂದಿರುವ ಫಾರಂ 165.

ಅಂಗಡಿ ಸಾಲಿನೆದುರು ಕ್ಯಾಲಮ್ ಒಂದು ಮಾದರಿ ನಿಲ್ದಾಣ ನಿಲ್ಲಿಸಿದ್ದ. ಚಪ್ಪರ, ಕಂಬ, ಹೊಳೆಯುವ ಫಲಕ. ಪಕ್ಕದ ಅವನ ಮೇಜಿನತ್ತ ಮಾತ್ರ ಯಾರೂ ಸುಳಿಯಲಿಲ್ಲ. ಕೈಯಲ್ಲಿ ಫಾರಂ ಹಿಡಿದವನನ್ನು ಕಂಡರೆ ಈ ಊರಿನವರು ರಸ್ತೆ ದಾಟುತ್ತಾರೆ. ಎನಿಡ್ ಕಾಲು ನೋವೆಂದು ಕಂಬ ಹಿಡಿದು ನಿಂತರು. ಅವರ ಹಿಂದೆ ಬ್ರೆಡ್ಡಿನ ಚೀಲ ಹಿಡಿದ ಗಂಡಸೊಬ್ಬ ಬಂದು ನಿಂತ. ಅವನ ಹಿಂದೆ ನಾಯಿಯ ಜೊತೆ ಒಬ್ಬ ಹೆಂಗಸು. ಒಬ್ಬರು ಕಂಬದ ಬಳಿ ನಿಂತರೆ ಇಲ್ಲಿ ಅದು ಕ್ಯೂ. ಯಾತಕ್ಕೆ ಎಂದು ಕೇಳುವುದು ಅಸಭ್ಯತೆ. ಮುಕ್ಕಾಲು ಗಂಟೆಯಲ್ಲಿ, ಎನಿಡ್‌ರನ್ನು ಬಿಟ್ಟು, ಮೂವತ್ತೆಂಟು ಜನ. (ನಲವತ್ತಿತ್ತು. ನೀವು ನಂಬಲಿಕ್ಕಿಲ್ಲವೆಂದು ಎರಡು ಇಳಿಸಿದೆ.)

ಕ್ಯಾಲಮ್ ಫಾರಂ ಹಿಡಿದು ಓಡಿಬಂದ.

"ಟ್ರಾಮ್ ಬೇಕಾ ಅಂದ್ರೆ? ಇಲ್ಲಿ ಟ್ರಾಮೇ ಇಲ್ವಾ?" ಎಂದ ಬ್ರೆಡ್ಡಿನವನು, ಫಾರಂ ಓದಿ.

"ಇನ್ನೂ ಇಲ್ಲ, ಸಾರ್."

"ಮತ್ತೆ ಮುಕ್ಕಾಲು ಗಂಟೆ ನಿಲ್ಸಿದ್ದೀರಲ್ರೀ!"

"ಯಾರೂ ನಿಲ್ಸಿಲ್ಲ ಸಾರ್, ಹೋಗ್ಬಹುದು."

"ಇಷ್ಟೊತ್ತು ನಿಂತು ಈಗ ಹೋಗ್ಲಾ? ನನ್ನ ಜಾಗ ಇವ್ರ ಪಾಲಾಗುತ್ತೆ."

ನಾಯಿಯ ಹೆಂಗಸು ಆಗಲೇ ಅರ್ಧ ಹೆಜ್ಜೆ ಮುಂದಿಟ್ಟಿದ್ದಳು.

ಯಾರೂ ಕದಲಲಿಲ್ಲ. ನಿಂತಲ್ಲೇ ಫಾರಂ ತುಂಬಿದರು. ಅಭಿಪ್ರಾಯದ ಜಾಗದಲ್ಲಿ ಮೂವತ್ತೆಂಟು ಜನರೂ ಬರೆದದ್ದು ಹೆಚ್ಚುಕಡಿಮೆ ಒಂದೇ: ಮುಕ್ಕಾಲು ಗಂಟೆ ಕಾದೆ. ಟ್ರಾಮು ಬರಲಿಲ್ಲ. ನಾಚಿಕೆಗೇಡು.

4

"ಇವೆಲ್ಲ ದೂರು," ಎಂದ ಕ್ಯಾಲಮ್, ಮುಖ ಸಣ್ಣದು ಮಾಡಿ. "ಇನ್ನೂರು ದಾಟೋಕೆ ನಂಗೆ ಬೇಕಾಗಿದ್ದು ಬೆಂಬಲ."

"ಬರ್ಲಿಲ್ಲ ಅಂತ ಬೈಯೋನಿಗೆ ಟ್ರಾಮ್ ಬೇಡ ಅಂತಾನಾ ಅರ್ಥ, ಪೆದ್ದಾ?" ಎಂದರು ಎನಿಡ್.

ಮುಕ್ತಾಯ ಅ: ಕ್ಯಾಲಮ್ ಎಲ್ಲವನ್ನೂ ಬೆಂಬಲದ ಪೆಟ್ಟಿಗೆಗೆ ಹಾಕುತ್ತಾನೆ. ("ನಾನಾ? ಕೆಲಸ ಹೋಗುತ್ತೆ!" ಎಂದ. ಕೈಬಿಟ್ಟೆ.)

ಮುಕ್ತಾಯ ಆ: ಲೆಕ್ಕ 165ಕ್ಕೇ ನಿಲ್ಲುತ್ತದೆ, ಎನಿಡ್ ಮಗಳ ಮನೆ ಸೇರುತ್ತಾರೆ. ("ಅವಳು ಮಾಡೋ ಟೀ ಬರೀ ನೀರು. ಹಾಗೆ ಬರೆದ್ರೆ ನೋಡು!")

ಮುಕ್ತಾಯ ಇ: ಹದಿಮೂರು ವರ್ಷಗಳ ನಂತರ ಟ್ರಾಮು ಗಂಟೆ ಬಾರಿಸುತ್ತಾ ಬರುತ್ತದೆ. ಟ್ರಾಮಿನ ಹುಸಿ ಭರವಸೆ ಕೇಳುತ್ತಲೇ ಲೀಡ್ಸಿನಲ್ಲಿ ಇಷ್ಟು ವರ್ಷ ಇದ್ದವನಿಗೆ ಇದನ್ನು ಬರೆಯಲು ಧೈರ್ಯ ಸಾಲದು.

ಐದಕ್ಕೆ ಹನ್ನೆರಡು ನಿಮಿಷವಿದ್ದಾಗ ಕ್ಯಾಲಮ್ ನಿಯಮಗಳ ಪುಸ್ತಕ ತಿರುವಿ ಹೇಳಿದ: "ಇವ್ರು ಯಾಕೆ ನಿಂತ್ರು, ಯಾಕೆ ಬೈದ್ರು ಅಂತ ಕಂಡೋರು ಯಾರಾದ್ರೂ ಬರ್ದುಕೊಟ್ರೆ ಹೆಚ್ಚುವರಿ ಹಾಳೆ ಅಂತ ಸೇರಿಸ್ಬಹುದು. ಎಣಿಸೋದು ಬಿಡೋದು ಮೇಲಿನೋರಿಗೆ ಬಿಟ್ಟಿದ್ದು."

ಎನಿಡ್ ನನ್ನತ್ತ ತಿರುಗಿದರು. "ಬರೆಯೋನು ನೀನೇ ಅಲ್ವಾ ಮರಿ? ಕಥೆ ಗಿಥೆ ಬೇಡ. ಆದದ್ದು ಬರಿ."

ನೀವು ಓದುತ್ತಿರುವುದು ಆ ಹಾಳೆ. ಕೊನೆಯಲ್ಲಿ 'ತೀರ್ಮಾನ' ಎಂಬ ಚೌಕ ಇದೆ. ಕಚೇರಿಯವರು ತುಂಬಬೇಕಾದದ್ದು, ಖಾಲಿ ಬಿಟ್ಟಿದ್ದೇನೆ. ಪೆನ್ಸಿಲ್‌ನಲ್ಲಾದರೂ 'ಆಗಲಿ' ಅಂತ ಗೀಚು ಎಂದು ಎನಿಡ್ ಪಕ್ಕದಲ್ಲಿ ನಿಂತು ಪೀಡಿಸುತ್ತಿದ್ದಾರೆ, ಐದಾಯಿತೆಂದು ಕ್ಯಾಲಮ್ ಗಡಿಯಾರ ನೋಡುತ್ತಿದ್ದಾನೆ, ಮತ್ತು ನಾನು