ಅಂಚಿನಲ್ಲಿ ಬರೆದವಳು

ವ್ಯಾಕರಣದ ಮೇಷ್ಟ್ರಿಗೆ ಕಣ್ಣು ಮಂಜಾಗತೊಡಗಿದಾಗ ಮಗಳಿಗೆ ಮೂವತ್ತೆರಡು. ಅರಬ್ಬಿ ವ್ಯಾಕರಣದ ಹಳೆಯ ಪದ್ಯಗ್ರಂಥವೊಂದನ್ನು ಅವರು ಜೀವಮಾನವಿಡೀ ಪಾಠ ಹೇಳಿದವರು. ಆ ಪುಸ್ತಕದ ಪುಟವೆಂದರೆ ಒಟ್ಟು ಕುಟುಂಬವಿದ್ದಂತೆ. ನಡುವೆ ಮೂಲ ಪದ್ಯ, ಅದರ ಸುತ್ತ ಶತಮಾನದ ಮೇಲೆ ಬಂದವನ ವ್ಯಾಖ್ಯಾನ, ಅಂಚಿನಲ್ಲಿ ಆ ವ್ಯಾಖ್ಯಾನದ ಜೊತೆ ಜಗಳಕ್ಕಿಳಿದವರ ಟಿಪ್ಪಣಿ. ಮೇಷ್ಟ್ರೂ ಅಂಚಿನಲ್ಲಿ ಬರೆಯುತ್ತಿದ್ದರು. ಕಣ್ಣು ಕೈಕೊಟ್ಟ ಮೇಲೆ ಅವರು ಹೇಳಿದರು, ಮಗಳು ಬರೆದಳು. ಐದಾರು ವರ್ಷದಲ್ಲಿ ಅವಳೇ ಬರೆದು ಓದುತ್ತಿದ್ದಳು, ಅವರು ತಲೆದೂಗುತ್ತಲೋ ಮುಖ ಸಿಂಡರಿಸುತ್ತಲೋ ಕೇಳುತ್ತಿದ್ದರು.

ಹಗಲು ಅವಳು ಕಾಲೇಜಿನ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ಅಲ್ಲಿ ಎಲ್ಲರಿಗೂ ಅವಳು ಕರಡಕ್ಕ. ಕೋಪ ಬಂದ ದಿನ ಕರಡಿಯಕ್ಕ.

ಮೇಷ್ಟ್ರ ಟಿಪ್ಪಣಿಗಳೊಂದಿಗೆ ವ್ಯಾಖ್ಯಾನವನ್ನು ಅಚ್ಚು ಹಾಕಿಸಲು ಕಾಲೇಜು ಮುಂದಾಯಿತು. ಸಂಪಾದಕರು ಅಲ್ಲಿನ ಪ್ರಾಂಶುಪಾಲರು, ಮೇಷ್ಟ್ರ ಹಳೆಯ ಶಿಷ್ಯ. ಮೊದಲ ಕರಡು ಬಂದಾಗ ಪ್ರತಿ ಟಿಪ್ಪಣಿಯ ತಲೆಯ ಮೇಲೂ ‘ಕಾಲ’ ಎಂದಿತ್ತು. ಅರಬ್ಬಿಯಲ್ಲಿ ಅಂದರೆ, ‘ಅವನು ಹೇಳಿದನು’. ಕರಡಕ್ಕ ಕೆಂಪು ಶಾಯಿಯಲ್ಲಿ ನೂರಾ ನಲವತ್ತು ಕಡೆ ಎರಡು ಚುಕ್ಕಿಯ ‘ತಾ’ ಅಕ್ಷರ ಸೇರಿಸಿದಳು. ‘ಕಾಲತ್’. ಅಂದರೆ, ‘ಅವಳು ಹೇಳಿದಳು’.

ಸಂಪಾದಕರು ಕರೆಸಿದರು.

“ಏನಮ್ಮ ಇದು, ಇಷ್ಟೊಂದು ತಪ್ಪು ತಿದ್ದಿದ್ದೀಯ?”

“ತಪ್ಪಲ್ಲ ಸರ್. ಅಷ್ಟೂ ನನ್ನವು.”

“ಟಿಪ್ಪಣಿ ಒಳಗೆ ‘ನಾನು ಹೇಳುತ್ತೇನೆ’ ಅಂತ ತಾನೇ ಇರೋದು? ಆ ಕ್ರಿಯಾಪದಕ್ಕೆ ಗಂಡು ಹೆಣ್ಣು ಇಲ್ಲ. ಮೇಷ್ಟ್ರದು ಅಂದ್ರೆ ಮುಗೀತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.”

“ಹಾವು ಯಾರು ಸರ್, ನಾನಾ?”

ಅವರು ನಗಲಿಲ್ಲ. “ಕೀರ್ತಿ ಹೋಗೋದು ನಿಮ್ಮಪ್ಪನಿಗೇ ಅಲ್ವಾ? ಮಗಳಾದವಳಿಗೆ ಇನ್ನೇನು ಬೇಕು?”

“ಒಂದಕ್ಷರ ಬೇಕು.”

“ಆಗಲ್ಲ.”

ಮೇಜಿನ ಮೇಲಿದ್ದ ಮೂಲ ಪ್ರತಿ ಮೇಷ್ಟ್ರ ಮನೆಯದು. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡಳು.

“ಕೆಲಸ ಹೋಗುತ್ತೆ, ನೋಡು.”

“ಹೋಗ್ಲಿ ಸರ್,” ಎಂದಳು ಕಡ್ಡಿ ಮುರಿದಂತೆ.

ಮನೆಯ ದಾರಿಯಲ್ಲಿ ಮಾತ್ರ ಹೆಜ್ಜೆ ನಿಧಾನವಾಯಿತು. ಅಪ್ಪನ ಪುಸ್ತಕಕ್ಕೇ ಕಲ್ಲು ಹಾಕಿ ಬಂದಿದ್ದಳಲ್ಲ. ಮೇಷ್ಟ್ರು ಎಲ್ಲ ಕೇಳಿಸಿಕೊಂಡರು.

“ನಾನು ಬೇಡ ಅಂದ ಟಿಪ್ಪಣಿ ಎಷ್ಟಿವೆ?”

“ಹದಿನೇಳು. ಅವನ್ನ ಸೇರಿಸಿಲ್ಲ.”

“ಅವನ್ನೂ ಸೇರಿಸು. ನಿನ್ನ ಹೆಸರಲ್ಲೇ ಬರಲಿ.”

ಕಾಲೇಜು ಖಾಲಿ ಅಂಚಿನ ವ್ಯಾಖ್ಯಾನವನ್ನೇ ಹೊರತಂದಿತು. ಇತ್ತ ಮುದ್ರಣಾಲಯದಲ್ಲಿ ಹನ್ನೆರಡು ವರ್ಷ ಅವಳ ಎದುರು ಕೂತು ಅಚ್ಚಿನ ಅಕ್ಷರ ಜೋಡಿಸಿದವನು ಭಾನುವಾರಗಳಂದು ತನ್ನ ಭಾವನ ಅಚ್ಚಿನ ಅಂಗಡಿಯಲ್ಲಿ ಅವಳ ಟಿಪ್ಪಣಿಗಳನ್ನು ಜೋಡಿಸಿದ. ಅರವತ್ತನಾಲ್ಕು ಪುಟ, ಮೇಲೆ ಅವಳ ಹೆಸರು. ಪುಸ್ತಕ ಕೈಯಿಂದ ಕೈಗೆ ಸಾಗಿ ತರಗತಿ ಹೊಕ್ಕಿತು. ವ್ಯಾಖ್ಯಾನಕಾರ ಒಂದು ನಿಯಮಕ್ಕೆ ಸಾಕ್ಷಿಯೆಂದು ಕೊಟ್ಟಿದ್ದ ಹಳೆಯ ಕವಿತೆಯ ಸಾಲಿನಲ್ಲಿ ಕವಿ ಪ್ರಾಸಕ್ಕಾಗಿ ಸ್ವರ ಬದಲಿಸಿದ್ದಾನೆ, ಪ್ರಾಸದ ಪರದಾಟವನ್ನು ನಿಯಮವೆನ್ನಬಹುದೇ ಎಂದು ಅವಳು ಕೇಳಿದ್ದಳು. ವಿದ್ಯಾರ್ಥಿಗಳು ಪಾಠದ ನಡುವೆ ಅದನ್ನೇ ಸಂಪಾದಕರನ್ನು ಕೇಳಿದರು.

ಸಂಪಾದಕರು ಕಾಲೇಜಿನ ಪತ್ರಿಕೆಯಲ್ಲಿ ಖಂಡನೆ ಬರೆದರು. ‘ಒಬ್ಬನು ಹೇಳಿದನು’ ಎಂದು ಆರಂಭ.

“ಸರ್, ಬರೆದವರು ಹೆಂಗಸು. ಕರ್ತೃವಿಗೂ ಕ್ರಿಯಾಪದಕ್ಕೂ ತಾಳೆ ಆಗ್ತಿಲ್ವಲ್ಲ?” ಎಂದಳು ಮುಂದಿನ ಬೆಂಚಿನವಳು. ಮೊದಲ ವರ್ಷದ ಪಾಠವದು. ತರಗತಿಯೆಲ್ಲ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಿತು. ವ್ಯಾಕರಣದವನು ಏನನ್ನಾದರೂ ಸಹಿಸಿಯಾನು, ಇದನ್ನಲ್ಲ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬಂತು, ‘ತಾ’ ಅಕ್ಷರ ಸಮೇತ. ಜೊತೆಗೆ ನಾಲ್ಕು ಆಕ್ಷೇಪಗಳು.

ಕರಡಕ್ಕ ಅದನ್ನು ಅಪ್ಪನಿಗೆ ಓದಿ ಹೇಳಿದಳು. ನಾಲ್ಕನೆಯದಕ್ಕೆ ಬಂದಾಗ ಅವಳ ಕಿವಿ ಬಿಸಿಯಾಯಿತು.

“ಇದೊಂದು ಸರಿಯಾಗಿ ಹಿಡಿದಿದ್ದಾನೆ,” ಎಂದರು ಮೇಷ್ಟ್ರು.

“ಗೊತ್ತು.”

“ಅದಕ್ಕೆ ನನ್ನ ಹೆಸರು ಹಾಕಿಬಿಡು. ಮುದುಕ ಎಡವಿದ ಅಂತಾರೆ, ಅಷ್ಟೇ.”

“ಬೇಡಪ್ಪ. ತಪ್ಪೂ ನಂದೇ.”

ಅವಳು ಕಾಗದ ಎಳೆದುಕೊಂಡು ಮೊದಲು ಆ ತಪ್ಪನ್ನು ಒಪ್ಪಿಕೊಂಡಳು, ಒಂದೇ ಸಾಲಿನಲ್ಲಿ. ಉಳಿದ ಮೂರಕ್ಕೆ ಉತ್ತರ ಶುರುವಾದದ್ದು ಎರಡನೆಯ ಸಾಲಿನಿಂದ. ಊಟದ ಹೊತ್ತಿಗೆ ಹನ್ನೊಂದು ಪುಟ ತುಂಬಿತ್ತು, ಇನ್ನೂ ಎರಡನೆಯ ಆಕ್ಷೇಪ ಮುಗಿದಿರಲಿಲ್ಲ.