ಹಿರಿಸೊಸೆಯ ಮೂರು ಟನ್

ಪ್ರತಿಭಾಳ ಮಹಡಿಯಲ್ಲಿ ಎಸಿ ಇರಲಿಲ್ಲ. ಅಬ್ಬಿಗೆರೆಯ ಆ ದೊಡ್ಡ ಮನೆಯಲ್ಲಿ ಅವಳದು ಮೇಲಿನ ಮಹಡಿ, ನೆತ್ತಿಯ ಮೇಲೆ ನೇರ ಬಿಸಿಲು. ಅದರ ಕೆಳಗಿನದು ವಾರಗಿತ್ತಿ ಸ್ನೇಹಾಳದು. ಅಲ್ಲಿ ಬೇಸಿಗೆ ಶುರುವಾಗುವ ಮೊದಲೇ ಎಸಿ ಬಂದಿತ್ತು. ಪ್ರತಿಭಾಳ ಗಂಡ ಕಾಶಿನಾಥ, ಸ್ನೇಹಾಳ ಗಂಡ ಸಂಗಮೇಶ, ಅಣ್ಣತಮ್ಮಂದಿರು. ಬಾಗಲಕೋಟೆ ಕಡೆಯಿಂದ ಬಂದು, ಪೀಣ್ಯದಲ್ಲಿ ಲೇತ್ ಮಷಿನು ಇಟ್ಟು, ಇಬ್ಬರೂ ಸೇರಿ ಕಟ್ಟಿಸಿದ ಮನೆ ಅದು.

ಎಸಿ ಬಂದರೆ ಬರಲಿ, ಅದಕ್ಕೆಲ್ಲ ಹೊಟ್ಟೆ ಉರಿದುಕೊಳ್ಳುವವಳು ನಾನಲ್ಲ ಎಂದು ಪ್ರತಿಭಾ ತನಗೆ ತಾನೇ ಹೇಳಿಕೊಂಡಿದ್ದಳು. ಆದರೆ ಎಸಿಯ ಹಿಂದೆಯೇ ಮಂಚ ಕೆಳಗೆ ಹೋಯಿತು.

ಮಂಚ ಅತ್ತೆ ಪಾರವ್ವನದು. ಊರ ಕಡೆಯಿಂದ ಯಾರೇ ಬರಲಿ, ಚಪ್ಪಲಿ ಬಿಟ್ಟು ಮೊದಲು ಹೋಗುವುದು ಆ ಮಂಚದ ಬಳಿಗೆ. ಮುದುಕಿಯ ಕಾಲು ಮುಟ್ಟಿ, ಮಂಚದ ತುದಿಗೆ ಕೂತು, ಊರಿನ ಸುದ್ದಿಯೆಲ್ಲ ಅಲ್ಲೇ ಸುರಿಯುತ್ತಾರೆ. ಚಹಾ ಆಗುವುದು ಮಂಚ ಇರುವ ಮಹಡಿಯಲ್ಲಿ. ತಂದ ಹಣ್ಣು, ಕುಬಸದ ಖಣ ಇಳಿಯುವುದೂ ಅಲ್ಲೇ. ಮಂಚ ಇಲ್ಲದ ಮಹಡಿಯವರನ್ನು ಮೆಟ್ಟಿಲ ಹತ್ತಿರ ಕಂಡರೆ ‘ಆರಾಮಿದ್ದೀರಿಲ್ರಿ?’ ಎಂದು ಕೇಳಿ ಹೋಗುತ್ತಾರೆ. ಮನೆ ಕಟ್ಟಿದಾಗಿನಿಂದ ಆ ಮಂಚ ಹಿರಿಸೊಸೆಯ ಹಾಲಿನಲ್ಲೇ ಇತ್ತು.

“ಯಾಕವಾ, ಮಾರಿ ಸಣ್ಣ ಮಾಡ್ತಿ? ಬ್ಯಾಸಗಿ ಕಳೀಲಿ, ಮತ್ತ ಬರ್ತೀನಿ,” ಎಂದಿದ್ದಳು ಪಾರವ್ವ.

ಬೇಸಿಗೆ ಕಳೆಯುವವರೆಗೆ ಕಾಯುವ ತಾಳ್ಮೆ ಪ್ರತಿಭಾಳಿಗೂ ಇತ್ತೇನೋ. ಆದರೆ ಒಂದು ದಿನ ಊರಿನ ಚಿಕ್ಕತ್ತೆ ಬಂದಿದ್ದಾಳೆಂದು ಕೆಳಗೆ ಹೋದಾಗ, ಸ್ನೇಹಾ ಕುರ್ಚಿ ಸರಿಸಿ, “ಬರ್ರಿ ಅಕ್ಕಾ, ಕೂಡ್ರಿ. ಚಾ ತಗೋತೀರಲ್ಲಾ?” ಎಂದಳು. ಹೊರಗಿನಿಂದ ಬಂದವರಿಗೆ ಹೇಳುವ ಮಾತು ಅದು. ಚಿಕ್ಕತ್ತೆ ತಂದ ಕರದಂಟಿನ ಡಬ್ಬಿಯನ್ನು ಸ್ನೇಹಾ ತನ್ನ ಕೈಯಿಂದಲೇ ಬಿಚ್ಚಿ ಎಲ್ಲರಿಗೂ ಹಂಚಿದಳು. ಪ್ರತಿಭಾಳಿಗೂ ಒಂದು ತುಂಡು ಬಂತು. ಅದನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡು ಮೇಲೆ ತಂದು ಕಸದ ಬುಟ್ಟಿಗೆ ಹಾಕಿದಳು.

“ರೀ, ನಮಗೂ ಎಸಿ ಬೇಕು,” ಎಂದಳು ಊಟಕ್ಕೆ ಕೂತ ಗಂಡನಿಗೆ.

“ಹಾಕ್ಸೂಣಂತ.”

“ಕೆಳಗಿನದಕ್ಕಿಂತ ದೊಡ್ಡದು.”

“ಯಾಕ, ಓಣಿನೂ ನಾವ ತಂಪ ಮಾಡೂದದೇನು?” ಎಂದು ಕಾಶಿನಾಥ ನಕ್ಕ. ಅವಳು ನಗಲಿಲ್ಲ. ಅವನು ತಲೆ ತಗ್ಗಿಸಿ ರೊಟ್ಟಿ ಮುರಿದ.

ಆರ್.ಟಿ. ನಗರದಲ್ಲಿ ಎಸಿ ಅಂಗಡಿ ಇಟ್ಟಿದ್ದ ಜಹೀರ್ ಬಂದ. ಸ್ನೇಹಾಳ ಮಹಡಿಗೆ ಹಾಕಿದವನೂ ಅವನೇ. ಎಂಜಿನಿಯರಿಂಗ್ ಓದಿದವನು, ಮಾತಿನಲ್ಲಿ ಚುರುಕು. ಹಾಲಿನ ಉದ್ದಗಲ ಅಳೆದ, ಪಶ್ಚಿಮದ ಕಿಟಕಿ ನೋಡಿದ, ತಾರಸಿ ಹತ್ತಿ ಇಳಿದ, ದಿನಕ್ಕೆ ಎಷ್ಟು ಜನ ಕೂರುತ್ತಾರೆಂದು ಕೇಳಿದ.

“ಒಂದೂವರೆ ಟನ್ ಸಾಕು ಮೇಡಂ.”

“ಕೆಳಗ ಎಷ್ಟ ಹಾಕೀರಿ?”

“ಎರಡು. ಅವ್ರ ಹಾಲ್ ದೊಡ್ದು. ನಿಮ್ದ್ರಲ್ಲಿ ಅರ್ಧ ಜಾಗ ಬಾಲ್ಕನಿಗೆ ಹೋಗಿದೆ. ಮೇಲೆ ಬಿಸಿಲು ಬೀಳುತ್ತೆ ಅಂತ ಒಂದೂವರೆ ಹೇಳ್ತಿದೀನಿ, ಇಲ್ಲಾಂದ್ರೆ ಒಂದೇ ಸಾಕಿತ್ತು.”

“ಮೂರು ಹಾಕ್ರಿ.”

“ಇಲ್ಲೇನು ಛತ್ರ ನಡಿಸ್ತೀರಾ ಮೇಡಂ?”

“ಹೆಚ್ಚ ತಂಪಾದ್ರ ಏನು ನುಕ್ಸಾನ?”

ಜಹೀರ್ ಟೇಪು ಸುತ್ತಿ ಕಿಸೆಗೆ ಹಾಕಿಕೊಂಡ. “ಎಸಿ ಎರಡು ಕೆಲ್ಸ ಮಾಡುತ್ತೆ. ತಂಪು ಮಾಡುತ್ತೆ, ಗಾಳೀಲಿರೋ ನೀರು ಎಳ್ಕೊಳುತ್ತೆ. ತಂಪು ಬೇಗ ಆಗ್ಬಿಡುತ್ತೆ, ನೀರು ಎಳಿಯೋಕೆ ಟೈಮ್ ಬೇಕು. ಇಷ್ಟು ಜಾಗಕ್ಕೆ ಮೂರು ಟನ್ ಹಾಕಿದ್ರೆ ಮಷಿನು ಶುರುವಾಗೋದ್ರೊಳಗೆ ರೂಮು ತಣ್ಣಗಾಗಿ ನಿಂತೋಗುತ್ತೆ. ನೀರು ಅಲ್ಲೇ ಉಳಿಯುತ್ತೆ. ಮಳೆಗಾಲದಲ್ಲಿ ಗೋಡೆ ಬೆವರುತ್ತೆ ಮೇಡಂ.”

ಅವನು ಹೇಳಿದ್ದು ಪ್ರತಿಭಾಳಿಗೆ ಅರ್ಥವಾಗದೆ ಇರಲಿಲ್ಲ. ಆದರೆ ಅವಳು ಸೊಸೆಯಾಗಿ ಬಂದ ಮನೆತನದಲ್ಲಿ ಬೇರೆ ಲೆಕ್ಕವಿತ್ತು. ಕಿರಿಸೊಸೆಗೆ ಎಷ್ಟು ಬಂಗಾರವೋ, ಹಿರಿಸೊಸೆಗೆ ಅದಕ್ಕಿಂತ ಒಂದು ಗುಲಗಂಜಿ ತೂಕವಾದರೂ ಹೆಚ್ಚು. ಸೀರೆಯಾದರೆ ಅಂಚು ಒಂದು ಬೆರಳು ಅಗಲ. ಪಾರವ್ವನೇ ಅದನ್ನು ತಪ್ಪದೆ ನಡೆಸಿಕೊಂಡು ಬಂದಿದ್ದಳು. ಈಗ ಕಿರಿಯವಳಿಗೆ ಎರಡು, ಹಿರಿಯವಳಿಗೆ ಒಂದೂವರೆ ಎಂದು ಓಣಿಯಲ್ಲೆಲ್ಲ ಗೊತ್ತಾಗಬೇಕೇನು?

“ಕೆಳಗಿನದ್ರಾಗ ಬಿಸಿ ಗಾಳಿ ಬರ್ತದೇನು?” ಎಂದು ಕೇಳಿದಳು.

“ಇಲ್ಲ, ಬರೀ ತಂಪು.”

“ನಮ್ಮದ್ರಾಗ ಎರಡೂ ಬರೂ ಹಂಗ ನೋಡ್ರಿ.”

“ಒಂದ್ಸಲ ಹೇಳೋದು ನನ್ನ ಧರ್ಮ, ಹೇಳ್ದೆ. ಎರಡನೇ ಸಲ ಹೇಳಲ್ಲ, ನಾನೂ ಅಂಗಡಿ ನಡಿಸ್ಬೇಕು,” ಎಂದ ಜಹೀರ್. ಹೊರಗಿನ ಯಂತ್ರವನ್ನು ಎಲ್ಲಿ ಕೂರಿಸಬೇಕೆಂದು ಕೇಳಿದಾಗ ಪ್ರತಿಭಾ ಯೋಚಿಸಲೇ ಇಲ್ಲ. ಸ್ನೇಹಾಳ ಅಡುಗೆಮನೆಯ ಕಿಟಕಿಗೆ ಸರಿಯಾಗಿ ಮೇಲಿನ ಗೋಡೆ ತೋರಿಸಿದಳು.

ಮೂರು ಟನ್ನಿನ ಎಸಿ ಕೂತಿತು, ಮಂಚ ಮತ್ತೆ ಮೇಲೆ ಬಂತು. ಚಹಾ ಕುದಿ ಬರುವುದರೊಳಗೆ ಹಾಲ್ ತಣ್ಣಗಾಗುತ್ತಿತ್ತು. ಏಪ್ರಿಲ್ ಮೇ ತಿಂಗಳಲ್ಲಿ ಊರಿನವರು ಬೆವರೊರೆಸುತ್ತ ಇನ್ನೊಂದು ಮಹಡಿ ಹತ್ತಿ ಬಂದು, “ಏನವಾ, ಊಟಿ ಮಾಡಿಬಿಟ್ಟಿ,” ಎನ್ನುತ್ತಿದ್ದರು. ಸ್ನೇಹಾ ಬಂದಳು. ಮೊಣಕೈ ಉಜ್ಜಿಕೊಳ್ಳುತ್ತ, “ಥಂಡಿ ಭಾಳ ಆತಲ್ರಿ ಅಕ್ಕಾ,” ಎಂದಳು. ಪ್ರತಿಭಾ ಅವಳಿಗೆ ಒಂದು ಶಾಲು ಕೊಟ್ಟು, ಕುರ್ಚಿ ಸರಿಸಿ, “ಕೂಡು. ಚಾ ತಗೋತಿಯಲ್ಲಾ?” ಎಂದಳು. ಆ ಚಹಾವನ್ನು ಸೋಸುವಾಗ ಅವಳಿಗೆ ಹಾಡು ಗುನುಗಬೇಕೆನಿಸಿತು.

ಜೂನ್‌ನಲ್ಲಿ ಹೆಸರಘಟ್ಟದ ಕಡೆಯಿಂದ ಮೋಡ ಬಂದವು. ಹಿಡಿದ ಮಳೆ ಬಿಡಲಿಲ್ಲ. ಎಸಿ ನಿಲ್ಲಿಸಿ ಕಿಟಕಿ ತೆರೆದಿದ್ದರೆ ಆಗುತ್ತಿತ್ತು. ಆದರೆ ನಿಲ್ಲಿಸಿದರೆ ಕೆಳಗಿನ ಅಡುಗೆಮನೆಗೆ ತಿಳಿಯುತ್ತದೆ; ಸದ್ದು ನಿಂತಿತೆಂದು ಸ್ನೇಹಾ ತಲೆಯೆತ್ತಿ ನೋಡುತ್ತಾಳೆ. ಅದಕ್ಕೇ ಎಸಿ ನಡೆಯುತ್ತಲೇ ಇತ್ತು. ಗುಂಯ್ ಎಂದು ಶುರುವಾಗುತ್ತಿತ್ತು, ಥಟ್ಟನೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಜಹೀರ್ ಹೇಳಿದ್ದೆಲ್ಲ ಆಯಿತು. ಹಾಸಿಗೆ ತೇವ ಹಿಡಿಯಿತು. ಎರಡು ಬುಟ್ಟಿಯಲ್ಲಿ ಪೇರಿಸಿಟ್ಟ ಖಡಕ್ ರೊಟ್ಟಿ ಮೆತ್ತಗಾಯಿತು.

“ಈ ರೊಟ್ಟಿ ಮುರಿಯಂಗಿಲ್ಲವಾ, ಮಡಚ್ತದ. ಕರ್ಚೀಪ ಆಗೇತಿ,” ಎಂದಳು ಪಾರವ್ವ.

ಪ್ರತಿಭಾ ಬಿಸಿ ಗಾಳಿಗೆ ತಿರುಗಿಸಿದಳು. ಹಾಲ್ ಕುಲುಮೆಯಾಯಿತು. ಮುದುಕಿ ಹೊದಿಕೆ ಕಿತ್ತೊಗೆದಳು. ಮತ್ತೆ ತಂಪಿಗೆ ತಿರುಗಿಸಿದಾಗ ಹೊದಿಕೆ ಹುಡುಕಿದಳು. ಬುಟ್ಟಿಯ ರೊಟ್ಟಿಗೆ ಬೂಷ್ಟು ಹಿಡಿಯಿತು, ಮಂಚದ ಹಿಂದಿನ ಗೋಡೆಯಲ್ಲಿ ಕಪ್ಪು ಚುಕ್ಕೆಗಳೆದ್ದವು. ಪ್ರತಿಭಾ ಬೆಳಿಗ್ಗೆ ಎದ್ದ ಕೂಡಲೇ ಒಣಬಟ್ಟೆಯಿಂದ ಗೋಡೆ ಒರೆಸಿ, ಬಟ್ಟೆಯನ್ನು ಕೆಳಗಿನವರಿಗೆ ಕಾಣದಂತೆ ಬಚ್ಚಲಲ್ಲೇ ಒಣಹಾಕುತ್ತಿದ್ದಳು.

ಪಾರವ್ವ ಕೆಮ್ಮತೊಡಗಿದಳು. ಸ್ನೇಹಾ ಒಂದು ಲೋಟಕ್ಕೆ ತಟ್ಟೆ ಮುಚ್ಚಿಕೊಂಡು ಮೇಲೆ ಬಂದಳು, ಶುಂಠಿ ಕಷಾಯ ತಂದಿದ್ದಳು.

“ಅಕ್ಕಾ, ಗೋಡಿ ಹಸಿ ಆಗ್ಯಾವೇನ್ರಿ? ಜಹೀರವರನ್ನ ಕರಸೂಣೇನು? ಅತ್ತಿ ಕೆಮ್ಮೂದು ಕೆಳಗ ಕೇಳಸ್ತದ.”

“ನಮ್ಮ ಗೋಡಿ ಚಿಂತಿ ನಿನಗ್ಯಾಕ? ಮಂಚ ಬೇಕಾಗಿದ್ರ ಬಾಯಿಬಿಟ್ಟ ಹೇಳು.”

ಸ್ನೇಹಾ ಲೋಟವನ್ನು ಮಂಚದ ಪಕ್ಕ ಇಟ್ಟಳು. “ಮಂಚ ಬೇಕಾಗಿದ್ರ ಮೊದ್ಲ ಒಯ್ಯಾಕ ಬಿಡ್ತಿದ್ದಿಲ್ಲ,” ಎಂದು ಇಳಿದು ಹೋದಳು. ಆಮೇಲೆ ಮೇಲೆ ಬರಲಿಲ್ಲ.

ಪ್ರತಿಭಾ ಅತ್ತೆಯನ್ನು ಆಟೋದಲ್ಲಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, “ಮನೇಲಿ ಗೋಡೆ ಒದ್ದೆ ಇದ್ಯಾ? ಬೂಷ್ಟು ಏನಾದ್ರೂ ಬಂದಿದ್ಯಾ?” ಎಂದರು.

ಪ್ರತಿಭಾಳ ಕಣ್ಣ ಮುಂದೆ ಬಂದದ್ದು ಗೋಡೆಯಲ್ಲ. ಮಂಚ ಮೆಟ್ಟಿಲಿಳಿದು ಸ್ನೇಹಾಳ ಬಾಗಿಲು ಹೊಗುವುದು, ಕುರ್ಚಿ ಸರಿಸಿ ಸ್ನೇಹಾ ‘ಬರ್ರಿ ಅಕ್ಕಾ’ ಎನ್ನುವುದು.

“ಇಲ್ರಿ ಡಾಕ್ಟರ. ಒಣ ಮನಿ ಐತ್ರಿ.”

ಪಕ್ಕದಲ್ಲೇ ಕೂತಿದ್ದ ಪಾರವ್ವ ಬಾಯಿಗೆ ಸೆರಗು ಹಿಡಿದು ಕೆಮ್ಮಿದಳು. ಡಾಕ್ಟರು ಹವೆಯ ಕೆಮ್ಮು ಎಂದು ಔಷಧಿ ಕೊಟ್ಟರು. ವಾಪಸು ಬರುವಾಗ ಆಟೋದಲ್ಲಿ ಮುದುಕಿ, “ಒಣ ಮನಿ ಅಂದೆವಾ,” ಎಂದಳು.

“ಹೂಂ ಅತ್ತಿ.”

“ನನ್ನ ಎದಿಗೆ ಅದನ್ನ ಯಾರೂ ಹೇಳಿಲ್ಲ ನೋಡು.”

ಔಷಧಿ ನಾಟಲಿಲ್ಲ. ವಾರದೊಳಗೆ ಉಸಿರಾಡಲು ಕಷ್ಟವಾಗಿ ಪಾರವ್ವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿಂದಲೇ ಅವಳು ಯಶವಂತಪುರದಲ್ಲಿದ್ದ ಮಗಳಿಗೆ ಫೋನು ಮಾಡಿಸಿದಳು. ಮಗಳು ಮೊದಲು ಆಸ್ಪತ್ರೆಗೆ ಬಂದಳು, ಆಮೇಲೆ ಅಬ್ಬಿಗೆರೆಯ ಮನೆಗೆ. ಮಂಚವನ್ನು ಒಂದು ಮೊಳ ಮುಂದೆ ಎಳೆದು ಗೋಡೆಯ ಮೇಲೆ ಅಂಗೈ ಊರಿದಳು. ಅಂಗೈ ಕಪ್ಪಾಯಿತು. ಅದನ್ನು ಅತ್ತಿಗೆಗೆ ತೋರಿಸಲಿಲ್ಲ, ಅಣ್ಣನಿಗೆ ತೋರಿಸಿದಳು.

“ಅವ್ವ ನನ್ನ ಕೂಡ ಇರ್ತಾಳಂತ. ಟೆಂಪೋ ಹೇಳಣ್ಣಾ,” ಎಂದಳು.

ಕಾಶಿನಾಥ ಹೆಂಡತಿಯ ಮುಖ ನೋಡದೆ ಫೋನು ತೆಗೆದ.

ಮಂಚವನ್ನು ಇಬ್ಬರು ಹೊತ್ತು ಇಳಿಸಿದರು. ಪ್ರತಿಭಾ ಮೇಲಿನ ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದಳು. ಸ್ನೇಹಾಳ ಬಾಗಿಲ ಮುಂದೆ ಹೊತ್ತವರು ನಿಂತರು. ಬಾಗಿಲು ತೆರೆದೇ ಇತ್ತು, ಒಳಗೆ ಸ್ನೇಹಾ ನಿಂತಿದ್ದಳು. ಪ್ರತಿಭಾ ಕಂಬಿಯ ಮೇಲಿಂದ ಬಗ್ಗಿ ನೋಡಿದಳು. ಅವರು ಕೈ ಬದಲಾಯಿಸಿಕೊಂಡು ಹಾಗೇ ಕೆಳಗೆ ಹೋದರು. ಆಗ ಅವಳಿಗೆ ಆದದ್ದು ನೆಮ್ಮದಿ. ಅತ್ತೆ ಆಸ್ಪತ್ರೆಯಲ್ಲಿದ್ದಾಳೆ ಎನ್ನುವುದು ಆ ಹೊತ್ತಿಗೆ ಅವಳ ನೆನಪಿನಲ್ಲಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಶಿನಾಥ ಜಹೀರನನ್ನು ಕರೆಸಿ ಒಂದೂವರೆ ಟನ್ನಿನದನ್ನೇ ಹಾಕಿಸಿದ. ಗೋಡೆ ಒಣಗಿತು, ಬಣ್ಣ ಬಳಿಸಿದರು. ಪಾರವ್ವ ಚೇತರಿಸಿಕೊಂಡಳು. ಮಗಳ ಎರಡು ಕೋಣೆಯ ಮನೆಯಲ್ಲಿ, ಫ್ಯಾನಿನ ಕೆಳಗೆ ಮಂಚ ಹಾಕಿದ್ದರು. ಪ್ರತಿಭಾ ಕರೆಯಲು ಹೋದಾಗ ಅಲ್ಲಿ ಊರಿನವರು ಕೂತಿದ್ದರು. “ಇಲ್ಲೇ ಆರಾಮೈತವಾ,” ಎಂದಳು ಪಾರವ್ವ. ಮಗಳು ಪ್ರತಿಭಾಳಿಗೆ ಚಹಾ ತಂದುಕೊಟ್ಟಳು.

ಅಬ್ಬಿಗೆರೆಯ ಮನೆಗೆ ಈಗ ಊರಿನಿಂದ ಯಾರೂ ಬರುವುದಿಲ್ಲ. ರೈಲಿಳಿದು ಯಶವಂತಪುರದಲ್ಲೇ ಉಳಿಯುತ್ತಾರೆ. ಸ್ನೇಹಾ ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಸರಿದು ದಾರಿ ಬಿಡುತ್ತಾಳೆ.

ಆ ಮನೆಯಿಂದ ಹೋದದ್ದು ಇಷ್ಟು: ಒಬ್ಬ ಅತ್ತೆ, ಒಂದು ಮಂಚ, ಬೂಷ್ಟು ಹಿಡಿದ ಎರಡು ಬುಟ್ಟಿ ರೊಟ್ಟಿ, ಒಬ್ಬ ವಾರಗಿತ್ತಿಯ ಮಾತು.