ಆರನೆಯ ಗುಂಡಿ

“ಜಾಸ್ತಿ ಇದ್ರೆ ಒಳ್ಳೇದೇ ಅಲ್ವೇನೋ, ಪುಟ್ಟ?”

ಅವನು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ತಲೆ ನರೆತ, ಗೋಡೆಯ ತುಂಬ ಪದವಿಗಳನ್ನು ತೂಗುಹಾಕಿಕೊಂಡ ರಕ್ತತಜ್ಞನನ್ನು ಪುಟ್ಟ ಎಂದು ಕರೆಯುವವಳು ಅಕ್ಕ ಒಬ್ಬಳೇ. ಅವನ ಲ್ಯಾಬಿಗೆ ಇದೇ ಮೊದಲು ಬಂದಿದ್ದಳು. ಬಿಡದ ಜ್ವರ, ಸುಸ್ತು. ಬೆಳಿಗ್ಗೆ ರಕ್ತ ಕೊಟ್ಟವಳು ಊಟದ ಹೊತ್ತಿಗೆ ಎದುರಿನ ಸ್ಟೂಲಿನ ಮೇಲೆ ಕೂತಿದ್ದಳು.

“ಬಿಳಿ ಕಣ ಸಿಕ್ಕಾಪಟ್ಟೆ ಇದೆಯಂತೆ, ಹೊರಗಿನ ಹುಡುಗಿ ಹೇಳಿದ್ಲು. ನಾನು ಅವಳಿಗೇ ಪಾಠ ಮಾಡಿ ಬಂದೆ. ಬಿಳೀದು ಅಂದ್ರೆ ಪೊಲೀಸರು ಕಣಮ್ಮಾ, ಜಾಸ್ತಿ ಇದ್ರೆ ಊರಿಗೆ ಕ್ಷೇಮ ಅಂತ.”

ಅದು ಅವನೇ ಹೇಳಿಕೊಟ್ಟ ಪಾಠ. ಓದುವ ಕಾಲದಲ್ಲಿ, ಅವಳ ಹೊಲಿಗೆ ಮೆಷಿನ್ನಿನ ಪಕ್ಕ, ಡಬ್ಬಿಯ ಗುಂಡಿಗಳನ್ನು ನೆಲಕ್ಕೆ ಸುರಿದುಕೊಂಡು. ಕೆಂಪು ಗುಂಡಿ ಉಸಿರು ಹೊರುವ ಕೂಲಿಯವರು. ಬಿಳಿ ಗುಂಡಿ ಪೊಲೀಸರು. ಆ ಮೆಷಿನ್ನು ತುಳಿದೇ ಅವಳು ಇವನನ್ನು ಓದಿಸಿದ್ದಳು. ಮುಂದಿನ ಪಾಠ ಹೇಳುವಷ್ಟರಲ್ಲಿ ಇವನು ಆ ಮನೆ ಬಿಟ್ಟಿದ್ದ.

ಮುಂದಿನದು ಈಗ ಕಣ್ಣೆದುರಿಗಿತ್ತು. ಎಲುಬಿನೊಳಗೆ ಬಲಿಯುವ ಮೊದಲೇ ಹೊರಬಿದ್ದ ಕಣಗಳು. ದುಂಡಗೆ, ದೊಡ್ಡದಾಗಿ, ನೋಡಲು ಚಂದ. ಕೆಲಸ ಮಾತ್ರ ಬಾರದು. ಜಾಗ ಹಿಡಿಯುತ್ತವೆ, ಸಾಕಿದವರನ್ನೇ ಆಚೆ ತಳ್ಳುತ್ತವೆ. ರಕ್ತದ ಕ್ಯಾನ್ಸರ್. ಇವತ್ತೇ ಆಸ್ಪತ್ರೆಗೆ ಸೇರಿಸಬೇಕು. ಎಣಿಸಿ ತಿಳಿಯುವಂಥದ್ದು ಏನೂ ಉಳಿದಿರಲಿಲ್ಲ.

ಅವನು ಎಣಿಸುತ್ತಿದ್ದ. ಕೈಯ ಬಳಿ ಕಣ ಎಣಿಸುವ ಯಂತ್ರ. ಬಲಿತ ಕಣಗಳ ಐದು ಜಾತಿಗೆ ಐದು ಗುಂಡಿ, ಆರನೆಯದು ‘ಇತರೆ’. ಐದರ ಅಕ್ಷರಗಳು ಬೆರಳು ತಾಗಿ ಅಳಿಸಿಹೋಗಿದ್ದವು. ಆರನೆಯದು ಇನ್ನೂ ಹೊಸದರಂತಿತ್ತು. ಇವತ್ತು ಬೆರಳು ಅಲ್ಲೇ. ಟಕ್. ಟಕ್. ಟಕ್.

“ಮಾತಾಡೋ.”

“ನೋಡ್ತಿದೀನಿ.”

“ನನ್ನ ರಕ್ತಾನ ಇಷ್ಟು ಹೊತ್ತು ನೋಡ್ದೆ. ಒಂದ್ಸಲ ಮುಖಾನೂ ನೋಡಪ್ಪ, ಪುಣ್ಯ ಬರುತ್ತೆ.”

ನೋಡಿದ. ಬಿಳಿಚಿಕೊಂಡ ಮುಖ, ತೋಳಿನ ಮೇಲೆ ಪೆಟ್ಟಿಲ್ಲದೆ ಮೂಡಿದ ನೀಲಿ ಕಲೆ. ಎಲ್ಲೋ ಪರಿಚಯದವರು ಎನ್ನಿಸಿತು, ಅಷ್ಟೆ. ಗಂಟಲಲ್ಲಿ ವಾಕ್ಯವೊಂದು ಸಿದ್ಧವಾಗಿತ್ತು. ಆದರೆ ಅದು ವರದಿಯ ಭಾಷೆಯಲ್ಲಿತ್ತು.

“ಇನ್ನೊಂದ್ಸಲ ನೋಡ್ಬೇಕು ಅಕ್ಕ. ಕೆಲವು ಸಲ ಸ್ಲೈಡಿಗೆ ಬಣ್ಣ ಸರಿಯಾಗಿ ಹಿಡಿಯಲ್ಲ.”

ಬಣ್ಣ ಅಚ್ಚುಕಟ್ಟಾಗಿ ಹಿಡಿದಿತ್ತು.

“ಅಂದ್ರೆ, ಭಯ ಏನಿಲ್ಲ?”

“ನಾಳೆ ಬಾ.”

ಎದ್ದವಳು ಮೇಜು ಹಿಡಿದು ಸುಧಾರಿಸಿಕೊಂಡಳು. ಅವನ ಬಿಳಿ ಕೋಟಿನಲ್ಲಿ ಜೋತಾಡುತ್ತಿದ್ದ ಗುಂಡಿ ಕಣ್ಣಿಗೆ ಬಿತ್ತು. ದಾರದ ಸಮೇತ ಕಿತ್ತು ಮೇಜಿನ ಮೇಲಿಟ್ಟಳು.

“ದೊಡ್ಡ ಡಾಕ್ಟರಂತೆ! ಸಂಜೆ ಮನೆಗೆ ಬಾ, ಹಾಕಿಕೊಡ್ತೀನಿ. ಬರ್ತೀಯ ತಾನೆ?”

“ನೋಡ್ತೀನಿ.”

“ನೋಡು, ನೋಡು. ನಿಂಗೆ ಅದೇ ಕೆಲಸ.”

ಬಾಗಿಲು ಮುಚ್ಚಿತು. ಅವನು ಮತ್ತೆ ಬಗ್ಗಿದ. ಬೆರಳು ತನ್ನಷ್ಟಕ್ಕೆ ಒತ್ತುತ್ತ ಹೋಯಿತು. ನೂರು ತುಂಬಿದೊಡನೆ ಯಂತ್ರದ ಗಂಟೆ ಟಿಂಗ್ ಎಂದಿತು.

ಬಾಗಿಲು ಪಟ್ಟನೆ ತೆರೆಯಿತು. ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳೋ ಏನೋ.

“ಕರೆದ್ಯೇನೋ?”

ಹೇಳಬಹುದಿತ್ತು. ಬಾಯಿ ತೆರೆದ.

“ಇಲ್ಲ. ನೂರಾದ್ರೆ ಅದೇ ಹೊಡ್ಕೊಳ್ಳುತ್ತೆ.”

“ನೂರಕ್ಕೆ ನೂರಾ!” ಅಕ್ಕ ನಕ್ಕಳು. “ಪರೀಕ್ಷೇಲಿ ನಿಂಗೇ ಯಾವತ್ತೂ ಬಂದಿರಲಿಲ್ಲ, ನೋಡು.”

ಚಪ್ಪಲಿಯ ಸದ್ದು ಕಾರಿಡಾರಿನಲ್ಲಿ ನಿಂತು ನಿಂತು ದೂರವಾಯಿತು. ಅವನು ಸ್ಲೈಡನ್ನು ತೆಗೆದ. ಯಾಕೆಂದು ತಿಳಿಯದೆ, ಅಕ್ಕ ಕಿತ್ತಿಟ್ಟ ಗುಂಡಿಗೆ ಅಂಟಿದ್ದ ದಾರವನ್ನು ಎಳೆದುಹಾಕಿ, ಗುಂಡಿಯನ್ನೇ ಸ್ಲೈಡಿನ ಜಾಗದಲ್ಲಿಟ್ಟು, ಚಿಕ್ಕ ಮಸೂರ ತಿರುಗಿಸಿ ಕಣ್ಣಿಟ್ಟ. ಎಲ್ಲ ಕಪ್ಪು. ನಡುವೆ ನಾಲ್ಕು ತೂತುಗಳಿಂದ ಮಾತ್ರ, ತಡೆಯಲು ಒಂದೆಳೆಯೂ ಇಲ್ಲದೆ, ಬಿಳಿ ಬೆಳಕು ನೇರ ಕಣ್ಣಿಗೆ ನುಗ್ಗುತ್ತಿತ್ತು.